ಸೋಮವಾರ ಕಡಿಯುತ್ತಿದ್ದ ಲೈನು

ಶರಣಪ್ಪನವರೆ, ತಪ್ಪು ನೀವು ನೋಡಿಕೊಳ್ಳುತ್ತಿದ್ದ ಟೆಲಿಫೋನ್ ಲೈನಿನಲ್ಲಿರಲಿಲ್ಲ, ನನ್ನ ಮನೆಯೊಳಗಿತ್ತು. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ನಿಮ್ಮ ಸಾಹೇಬರಿಗೆ, ನಿಮ್ಮೆದುರೇ, ಸುಳ್ಳು ಹೇಳಿದೆ. ನಿಮ್ಮ ನೌಕರಿ ಹೋದದ್ದು ಆ ಸುಳ್ಳಿನಿಂದ.

ಆಗ ನಿಮ್ಮನ್ನು ‘ನೀನು’ ಎನ್ನುತ್ತಿದ್ದೆ. ನೀವು ನನಗಿಂತ ದೊಡ್ಡವರು ಎಂಬುದು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಸೇಡಂನ ನಮ್ಮ ಓಣಿಯಲ್ಲಿ ಮೊದಲ ಕಂಪ್ಯೂಟರ್ ನಮ್ಮದೇ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಕಂಪ್ಯೂಟರ್ ನನಗೆ ಯಾರೂ ಕಲಿಸಿರಲಿಲ್ಲ, ಆದರೂ ಜನ ‘ಕಂಪ್ಯೂಟರ್ ಸರ್’ ಅಂದರು, ನಾನು ಉಬ್ಬಿಹೋದೆ.

ಇಂಟರ್ನೆಟ್ ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲೇ. ಫೋನು ಪಡಸಾಲೆಯಲ್ಲಿ, ಕಂಪ್ಯೂಟರ್ ಒಳಕೋಣೆಯಲ್ಲಿ. ನಡುವೆ ವೈರು ಗೋಡೆಯ ಮೇಲೆ ಜೋತಾಡುವುದು ನನಗೆ ಹಿಡಿಸಲಿಲ್ಲ. ನೆಲಕ್ಕೆ ಹಾಸಿದ ಶಹಾಬಾದಿ ಫರ್ಸಿ ಕಲ್ಲುಗಳ ಸಂದನ್ನು ಉಳಿಯಿಂದ ಕೆತ್ತಿ, ಅದರೊಳಗೆ ವೈರು ಮಲಗಿಸಿ, ಮೇಲೆ ಸಿಮೆಂಟು ಸವರಿದೆ. ವೈರು ಒಂದು ಗೇಣು ಕಡಿಮೆ ಬಿತ್ತು. ಇನ್ನೊಂದು ತುಂಡು ಹೊಸೆದು, ಟೇಪು ಸುತ್ತಿ, ಆ ಜೋಡಣೆಯನ್ನೂ ಕಲ್ಲಿನ ಸಂದಿನಲ್ಲೇ ಮುಚ್ಚಿಬಿಟ್ಟೆ. ಬಂದವರಿಗೆಲ್ಲ, “ವೈರ್ ಎಲ್ಲದ ಹುಡುಕ್ರಿ ನೋಡೋಣು” ಎಂದು ಸವಾಲು ಬೇರೆ.

ಆಮೇಲೆ ಆ ಪೀಡೆ ಶುರುವಾಯಿತು. ವಾರವೆಲ್ಲ ಸರಿಯಿದ್ದ ಇಂಟರ್ನೆಟ್ ಸೋಮವಾರ ಬಂತೆಂದರೆ ಕೈಕೊಡುತ್ತಿತ್ತು. ಮೋಡೆಮ್ ಕಿರುಚುವುದು, ಹತ್ತಿತು ಅನ್ನುವಷ್ಟರಲ್ಲಿ ಕಡಿಯುವುದು. ಫೋನೆತ್ತಿದರೆ ಕಿವಿಯಲ್ಲಿ ಗರಗರ. ಕಂಪ್ಯೂಟರ್ ಅನ್ನು ಎರಡು ಸಲ ಫಾರ್ಮ್ಯಾಟ್ ಮಾಡಿದೆ. ಮೋಡೆಮ್ ಬದಲಿಸಿದೆ. ಬಸ್ಸಿನಲ್ಲಿ ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಗುಲಬರ್ಗಾಕ್ಕೂ ಹೋಗಿ ಬಂದೆ. ಅಲ್ಲಿ ಅದು ಸರಿಯಾಗೇ ನಡೆಯಿತು. ಉಳಿದದ್ದು ಹೊರಗಿನ ಲೈನು, ಅಂದರೆ ನೀವು.

ಸೋಮವಾರ ದೂರು ಕೊಟ್ಟರೆ ಮಂಗಳವಾರ ಸೈಕಲ್ಲಿಗೆ ಏಣಿ ಕಟ್ಟಿಕೊಂಡು ಬರುತ್ತಿದ್ದಿರಿ. ಅಷ್ಟರಲ್ಲಿ ಎಲ್ಲ ಸರಿ! ಆದರೂ ಕಂಬ ಹತ್ತಿ ನೋಡುತ್ತಿದ್ದಿರಿ. ಒಮ್ಮೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಿರಿ: “ಸರ, ಒಳಗಿನ ವೈರ್ ಒಂದ್ಸಲ ನೋಡ್ಲೇನ್ರಿ?”

“ಒಳಗಿಂದು ನಾ ನೋಡ್ಕೊಂಡೀನಿ. ನೀ ನಿನ್ನ ಕಂಬ ನೋಡ್ಕೊ.”

ನೀವು ಏಣಿ ಎತ್ತಿಕೊಂಡು ಮತ್ತೆ ಕಂಬದ ಕಡೆ ನಡೆದಿರಿ. ಅದೇ ದಿನ ಹೋಗುವಾಗ ಖುಷಿಯಿಂದ ಹೇಳಿದ್ದಿರಿ — ಹನ್ನೊಂದು ವರ್ಷ ದಿನಗೂಲಿ ಮಾಡಿದ ಮೇಲೆ ಕಾಯಂ ಆಗುವವರ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದಿದೆ ಎಂದು. ಆದ್ದರಿಂದ ನಿಮ್ಮ ಪಾಲಿಗೆ ಒಂದು ದೂರು ಎಷ್ಟು ಭಾರ ಎಂಬುದು ನನಗೆ ತಿಳಿದಿರಲಿಲ್ಲ ಎನ್ನುವಂತೆಯೂ ಇಲ್ಲ.

ಹತ್ತನೆಯ ತರಗತಿಯ ರಿಸಲ್ಟ್ ಇಂಟರ್ನೆಟ್ಟಿನಲ್ಲಿ ಬಂದದ್ದೂ ಸೋಮವಾರವೇ. ಅಂಗೈ ಮೇಲೆ ನಂಬರು ಬರೆದುಕೊಂಡ ಮಕ್ಕಳು, ಅವರ ಅಪ್ಪಂದಿರು, ಮನೆ ತುಂಬ ಜನ. ಹದಿನೇಳು ಸಲ ಪ್ರಯತ್ನಿಸಿದೆ. ಕೊನೆಗೆ ಯಾರೋ, “ನಡೀರೋ, ಚಿತ್ತಾಪುರಕ್ಕ ಹೋಗೋಣು, ಇವರ ಕೈಲೆ ಆಗಂಗಿಲ್ಲ” ಅಂದರು. ಆ ಮಾತಿಗೆ ಮೈಯೆಲ್ಲ ಉರಿದುಹೋಯಿತು. ಸಂಜೆಯೇ ಕೂತು ದೂರು ಬರೆದೆ. ನೀವು ಸೋಮವಾರ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ತುಸು ತಡವಾಗಿ ಕೆಲಸಕ್ಕೆ ಬರುತ್ತಿದ್ದದ್ದು ನನಗೆ ಗೊತ್ತಿತ್ತು. ‘ಪೂಜೆಯ ನೆಪದಲ್ಲಿ ಪ್ರತಿ ಸೋಮವಾರ ಕೆಲಸ ತಪ್ಪಿಸುತ್ತಾರೆ’ — ಹೀಗೇ ಬರೆದೆ. ಚಂದದ ಅಕ್ಷರದಲ್ಲಿ.

ಇಲ್ಲಿಯವರೆಗಿನದನ್ನು ಅಜ್ಞಾನ ಎನ್ನಬಹುದೇನೋ. ಮುಂದಿನದಕ್ಕೆ ಆ ಹೆಸರೂ ಸಲ್ಲುವುದಿಲ್ಲ.

ಅದೇ ವಾರ ಗುರುವಾರ ಬೀಗರು ಬರುವವರಿದ್ದರು. ನನ್ನ ಹೆಂಡತಿ ಬೆಳಿಗ್ಗೆಯೇ ನೆಲ ತೊಳೆಯಲು ನಿಂತಳು. ಒಳಗೆ ನಾನು ಇಂಟರ್ನೆಟ್ ನೋಡುತ್ತ ಕೂತಿದ್ದೆ. ಕೊಡದ ನೀರು ಸುರಿದ ಸದ್ದು, ಹೊಸ್ತಿಲ ತನಕ ಹರಿದು ಬಂದ ನೀರು — ಲೈನು ಕಡಿಯಿತು. ನಾನು ನೆಲವನ್ನೇ ನೋಡುತ್ತ ಕೂತೆ. ನಮ್ಮ ಮನೆಯಲ್ಲಿ ನೆಲಕ್ಕೆ ಕೊಡಗಟ್ಟಲೆ ನೀರು ಬೀಳುವುದು ವಾರಕ್ಕೊಮ್ಮೆ. ಸೋಮವಾರ, ಪೂಜೆಗೆ ಮುಂಚೆ. ಊರ ಮಕ್ಕಳಿಗೆಲ್ಲ ಗಣಿತ ಕಲಿಸುವವನಿಗೆ ಇಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ.

ಉಳಿ ತಂದು ಸಂದು ಬಿಡಿಸಿದೆ. ಟೇಪು ಕೊಳೆತು ಬಿಚ್ಚಿಕೊಂಡಿತ್ತು, ತಾಮ್ರ ಹಸಿರುಗಟ್ಟಿತ್ತು. “ಏನಾಗ್ಯದ್ರಿ?” ಎಂದಳು ಹೆಂಡತಿ. “ಏನಿಲ್ಲ” ಎಂದೆ. ಆ ದಿನವೇ ಗೋಡೆಯ ಮೇಲಿನಿಂದ ಹೊಸ ವೈರು ಎಳೆದೆ. ಟೆಲಿಫೋನ್ ಕಚೇರಿ ನಮ್ಮ ಮನೆಯಿಂದ ಹತ್ತು ನಿಮಿಷದ ಹಾದಿ. ಹೋಗಿ ದೂರನ್ನು ಹಿಂದಕ್ಕೆ ಪಡೆಯಬಹುದಿತ್ತು. ಚಪ್ಪಲಿಯನ್ನೂ ಮೆಟ್ಟಿದ್ದೆ. ‘ಕಂಪ್ಯೂಟರ್ ಸರ್ ತನ್ನ ಮನೆ ನೆಲದಾಗ ತಾನೇ ವೈರ್ ಹೂತಿದ್ದ’ ಎಂದು ಜನ ನಗುವುದು ಕಿವಿಯಲ್ಲಿ ಕೇಳಿದಂತಾಗಿ, ಚಪ್ಪಲಿ ಬಿಟ್ಟು ಒಳಗೆ ಬಂದೆ.

ಮುಂದಿನ ವಾರ ನಿಮ್ಮ ಸಾಹೇಬರು ವಿಚಾರಣೆಗೆ ಬಂದರು. ನೀವು ಬಾಗಿಲ ಹೊರಗೆ ನಿಂತಿದ್ದಿರಿ. ಸಾಹೇಬರು ನನ್ನನ್ನು ಕೇಳಿದರು:

“ಸರ, ಈಗ ಹೆಂಗ ಬರಾಕತ್ತದ?”

“ಛಲೋ ಬರಾಕತ್ತದ್ರಿ.”

“ಈ ಸೋಮವಾರ?”

“ಸೋಮವಾರನೂ ಬಂತ್ರಿ.”

ಅವರು ನಿಮ್ಮ ಕಡೆ ತಿರುಗಿದರು. “ಅಂದ್ರ ಕಂಪ್ಲೇಂಟ್ ಬಂದ ಮ್ಯಾಲೆ ರಿಪೇರಿ ಮಾಡೀದಿ. ಮೊದಲೇ ಮಾಡಾಕ ಏನಾಗಿತ್ತು ನಿನಗ?”

“ನಾ ಏನೂ ಮಾಡಿಲ್ರಿ ಸಾಹೇಬ್ರ...” ಎಂದಿರಿ. ಅದು ಸತ್ಯವಾಗಿತ್ತು. ನೀವು ನನ್ನ ಮುಖ ನೋಡಿದಿರಿ — ನಾನು ಏನಾದರೂ ಹೇಳುತ್ತೇನೆಂದು. ಸಾಹೇಬರೂ ನನ್ನನ್ನೇ ಕೇಳಿದರು: “ಹೊರಗಿನ ಲೈನಿಂದೇ ತೊಂದ್ರಿ ಇತ್ತಲ್ರಿ ಸರ?”

“ಹೌದ್ರಿ” ಎಂದೆ.

ಪಟ್ಟಿಯಿಂದ ನಿಮ್ಮ ಹೆಸರು ತೆಗೆದರು. ಕೆಲವೇ ತಿಂಗಳಲ್ಲಿ ದಿನಗೂಲಿಯೂ ಇಲ್ಲವಾಯಿತು. ನೀವು ನಿಮ್ಮೂರು ಆಡಕಿಗೆ ಮರಳಿದಿರಿ ಎಂದು ಕೇಳಿದೆ. ಕೇಳಿ ಸುಮ್ಮನಿದ್ದೆ — ಇಷ್ಟು ವರ್ಷ.

ಹೋದ ತಿಂಗಳು ವಾಡಿ ಸ್ಟೇಶನ್ನಿನಲ್ಲಿ ನೀವೇ ನನ್ನನ್ನು ಗುರುತಿಸಿ ಮಾತಾಡಿಸಿದಿರಿ. ಚಿತ್ತಾಪುರದ ಬೇಳೆ ಮಿಲ್ಲಿನಲ್ಲಿ ಚೀಲ ಹೊರುತ್ತೇನೆ ಎಂದಿರಿ. ಬೈಯುತ್ತೀರೆಂದು ಕಾದೆ. ಬೈಯಲಿಲ್ಲ.

“ಸರ, ಆ ತೊಂದ್ರಿ ಏನಿತ್ತಂತ ನನಗ ಇನ್ನಾ ತಿಳೀಲಿಲ್ರಿ. ಒಂದ್ ಕಂಬ ಬಿಡಲಾರ್ದ ಹತ್ತಿ ನೋಡಿದ್ದೆ. ನನ್ನ ಕೈಯಾಗೇ ಏನೋ ಕಸರ, ಕೊರತಿ ಇತ್ತು ಅನಸ್ತದ. ನನ್ನ ಮಗನೂ ಹಂಗೇ ಅಂತಾನ — ನೀ ಕೆಲಸ ನೆಟ್ಟಗ ಕಲ್ತಿದ್ರ ನಾವು ಹಿಂಗಿರ್ತಿದ್ದಿಲ್ಲ ಅಂತಾನ.”

ಆಗಲೂ ನಾನು ಬಾಯಿ ಬಿಡಲಿಲ್ಲ. ರೈಲು ಬಂತು, ಹತ್ತಿ ಕೂತೆ. ನಾನು ನಿಮ್ಮ ನೌಕರಿಯನ್ನಷ್ಟೇ ಕಳೆದೆ ಎಂದುಕೊಂಡಿದ್ದೆ, ಶರಣಪ್ಪನವರೆ. ನಿಮ್ಮ ಕೈಯ ಮೇಲೆ ನಿಮಗಿದ್ದ ನಂಬಿಕೆಯನ್ನೂ ಕಳೆದಿದ್ದೆ, ನಿಮ್ಮ ಮಗನ ಕಣ್ಣಿನಲ್ಲಿ ನಿಮ್ಮನ್ನು ಸಣ್ಣವರನ್ನಾಗಿ ಮಾಡಿದ್ದೆ.

ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ, ಕೇಳುವುದೂ ಇಲ್ಲ. ಈ ಕಾಗದವನ್ನು ಅಂಚೆಗೂ ಹಾಕುವುದಿಲ್ಲ. ಬರುವ ರವಿವಾರ ನಾನೇ ಆಡಕಿಗೆ ತರುತ್ತೇನೆ. ನಿಮ್ಮ ಮಗನನ್ನು ಎದುರಿಗೆ ಕೂರಿಸಿ ಓದುತ್ತೇನೆ. ಒಳಗೆ ಕರೆಯದಿದ್ದರೆ ಬಾಗಿಲ ಹೊರಗೆ ನಿಂತು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಓದುತ್ತೇನೆ.