ಜಲಾಂತರ್ಗಾಮಿಯ ದಿನಚರಿಯಲ್ಲಿ ಮುತ್ತಜ್ಜನ ತಿಥಿ

ಅಜ್ಜಿಗೆ ಬೇಕಾಗಿದ್ದದ್ದು ಒಂದು ತಿಥಿ ಮಾತ್ರ. ಅವಳ ಅಪ್ಪ, ಎಂದರೆ ನನ್ನ ಮುತ್ತಜ್ಜ, ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ರಯಾಣಿಕರ ಹಡಗೊಂದರಲ್ಲಿ ಗುಮಾಸ್ತರಾಗಿದ್ದರು. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಆ ಹಡಗನ್ನು ಮುಳುಗಿಸಿತು. ಮಂಗಳೂರಿಗೆ ಬಂದ ಕಂಪನಿಯ ಕಾಗದದಲ್ಲಿ ಹಡಗು ನಷ್ಟವಾಗಿದೆ, ಇವರು ಪತ್ತೆಯಾಗಿಲ್ಲ ಎಂದಷ್ಟೇ ಇತ್ತು. ಸತ್ತ ದಿನ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆಯಂದು ಶ್ರಾದ್ಧ ಮಾಡುತ್ತಾರೆ. ಊರವರೆಲ್ಲರ ಪಿತೃಗಳ ಜೊತೆ ಸೇರಿಸಿ ಮಾಡುವ ಆ ಶ್ರಾದ್ಧದಿಂದ ಅಜ್ಜಿಗೆ ಎಂದೂ ಸಮಾಧಾನವಾಗಿರಲಿಲ್ಲ.

ಈ ಸಲ ಅವಳು ಮಂಗಳೂರಿನಿಂದ ವಿಮಾನ ಹತ್ತಿ ಲಾಸ್ ಆಲ್ಟೋಸ್‌ನಲ್ಲಿರುವ ಮಗನ ಮನೆಗೆ ಬಂದಾಗ, ಆ ಮಗ, ನನ್ನ ಮಾಮ, ಜಲಾಂತರ್ಗಾಮಿಯ ಕಮಾಂಡರ್ ಬರೆದಿಟ್ಟ ದಿನಚರಿಯ ಪ್ರತಿಯನ್ನು ಎಲ್ಲಿಂದಲೋ ತರಿಸಿದ. ನಾನು ಕಾಲೇಜಿನಲ್ಲಿ ಜರ್ಮನ್ ಕಲಿತಿದ್ದರಿಂದ ಅನುವಾದ ನನ್ನ ಪಾಲಿಗೆ ಬಂತು. ಎರಡು ವಾರ ಕೂತು ಬರೆದು, ಭಾನುವಾರ ನಾನಿರುವ ಪಕ್ಕದೂರು ಮೌಂಟನ್ ವ್ಯೂನಿಂದ ಸೈಕಲ್ಲಿನಲ್ಲಿ ಹೋದೆ.

ಮಾಮನಿಗೆ ತಿಥಿಗಿಂತ ಮೊದಲು ಹಡಗಿಗೆ ಗುರಿಯಿಟ್ಟ ವಿವರ ಬೇಕಿತ್ತು. ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿ ಹಡಗಾಯಿತು, ಚಮಚ ಟಾರ್ಪಿಡೋ ಆಯಿತು.

“ನೋಡು, ಈ ಆಂಗಲ್ಲಿಂದ! ಒಂದೇ ಶಾಟು! ಜೀನಿಯಸ್ಸು ಮಾರಾಯ್ತಿ.”

“ಮಾಮ, ಆ ಹಡಗಲ್ಲಿ ನಿಮ್ಮ ಅಜ್ಜ ಇದ್ರು.”

“ಗೊತ್ತುಂಟು. ನಾನು ಟೆಕ್ನಿಕಲಿ ಹೇಳಿದ್ದು.”

ಕಮಾಂಡರ್ ಕೂಡ ಹಾಗೆಯೇ ಬರೆದಿದ್ದ: ಟನ್ನು, ದೂರ, ಸಮಯ. ದೋಣಿಗಳು ನೀರಿಗಿಳಿಯುವ ತನಕ ಹಡಗಿನಲ್ಲಿ ಜನರಿದ್ದಾರೆಂಬ ಸೂಚನೆಯೇ ಅವನ ಬರಹದಲ್ಲಿಲ್ಲ.

ಮಾಮ ಫೋನಿನ ಪಂಚಾಂಗಕ್ಕೆ ದಿನಚರಿಯಲ್ಲಿದ್ದ ತಾರೀಕು, ಸಮಯ ಹಾಕಿ “ದಶಮಿ!” ಎಂದು ಘೋಷಿಸಿದ. ಪಂಚಾಂಗ ಅದನ್ನು ಲಾಸ್ ಆಲ್ಟೋಸ್‌ನ ಸಮಯವೆಂದು ತಿಳಿದಿತ್ತು. ದಿನಚರಿಯ ಗಡಿಯಾರ ಜರ್ಮನಿಯದ್ದೆಂದು ನಾನು ಮೂರು ಸಲ ಹೇಳಬೇಕಾಯಿತು. ಮತ್ತೆ ಹಾಕಿದಾಗ ನವಮಿ ಬಂತು.

“ಒಂದು ದಿನ ಆಚೀಚೆ ಆದ್ರೆ ಎಂತಾಯ್ತು? ಭಟ್ರಿಗೆ ದಶಮಿ ಅಂತ ಮೆಸೇಜು ಹಾಕಿಯೂ ಆಯ್ತು!”

ಅಜ್ಜಿ ನನ್ನನ್ನು ಕೇಳಿದಳು: “ದೋಣಿ ಇಳಿಸಿದ್ರು ಅಂದ್ಯಲ್ಲ. ಆಮೇಲೆ?”

ನಾಲ್ಕು ದೋಣಿಗಳು. ಕಮಾಂಡರ್ ನೀರಿನ ಮೇಲೆ ಬಂದು, ಹಡಗಿನ ಹೆಸರು ಕೇಳಿ, ದಡ ಯಾವ ದಿಕ್ಕಿಗಿದೆಯೆಂದು ಹೇಳಿ ಹೊರಟುಹೋದ. ಇದನ್ನು ಓದಿದೆ.

“ಅಪ್ಪ ದೋಣಿಯಲ್ಲಿದ್ರಾ?”

ಮಾಮ ನನ್ನನ್ನು ಕಣ್ಣಲ್ಲೇ ತಡೆಯಲು ನೋಡಿದ. ಇರಲಿಲ್ಲ ಎಂದುಬಿಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು.

“ಗೊತ್ತಿಲ್ಲ ಅಜ್ಜಿ. ಅವನು ಬರೆದಿಲ್ಲ.”

“ಹಾಗಾದ್ರೆ ದೋಣಿ ಹತ್ತಿ ನಾಲ್ಕೈದು ದಿನ ಬದುಕಿದ್ದಿರ್ಲಿಕ್ಕೂ ಸಾಕು.”

“ಅಮ್ಮಾ, ನವಮಿ ಅಂತ ಇಟ್ಕೊಳ್ಳುವ.”

“ಅದು ಅವ ಹಡಗಿಗೆ ಹೊಡೆದ ದಿನ ಅಲ್ವಾ? ಜೀವ ಇದ್ದವರಿಗೆ ಪಿಂಡ ಇಡ್ತಿಯಾ? ಬೇಡ. ಅಮಾವಾಸ್ಯೆಗೇ ಇರ್ಲಿ.”

ಮಾಮ ಭಟ್ಟರಿಗೆ ಫೋನು ಮಾಡಲು ಎದ್ದ. “ಅಷ್ಟು ಕರೆಕ್ಟಾಗಿ ಓದ್ಬೇಕಿತ್ತಾ ನೀನು?” ಎಂದು ನನ್ನನ್ನು ಬೈದೇ ಹೊರಗೆ ಹೋದ. ಅಜ್ಜಿ ನನ್ನ ಹಾಳೆಗಳನ್ನು ಮುಂದಕ್ಕೆಳೆದುಕೊಂಡು, ದೋಣಿಗಳ ವಿಷಯ ಯಾವ ಸಾಲಿನಲ್ಲಿದೆ, ತೋರಿಸು ಎಂದಳು.