ಇನ್ವ್ಯಾಲಿಡ್ ಎಂಬ ಶಬ್ದ

ಪಪ್ಪನ ಎಡಗಾಲಿಗೆ ಮೊದಲ ಮಹಾಯುದ್ಧದಲ್ಲಿ, ಬಸ್ರಾದ ಕಡೆ, ಗುಂಡು ಬಿದ್ದಿತ್ತು. ಅದಕ್ಕೆಂದು ಬರುತ್ತಿದ್ದ ಪೆನ್ಶನ್ನಿನಲ್ಲೇ ಮಂಗಳೂರಿನ ಕೊಡಿಯಾಲ್‌ಬೈಲಿನ ನಮ್ಮ ಮನೆ ನಡೆಯುತ್ತಿತ್ತು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ, ಹತ್ತು ವರ್ಷದ ಸ್ಕಾಲರ್!

ಒಂದು ಡಿಸೆಂಬರಿನಲ್ಲಿ ಸರಕಾರದ ಕಾಗದ ಬಂತು. ತಲೆಬರಹ: ಇನ್ವ್ಯಾಲಿಡ್ ಪೆನ್ಶನ್. ಅದೇ ವಾರ ಕಾನ್ವೆಂಟಿನ ಸಿಸ್ಟರ್ ನಮಗೆ ಆಪೊಸಿಟ್ಸ್ ಕಲಿಸಿದ್ದರು: ಕರೆಕ್ಟ್, ಇನ್‌ಕರೆಕ್ಟ್; ವ್ಯಾಲಿಡ್, ಇನ್ವ್ಯಾಲಿಡ್.

"ಪಪ್ಪಾ, ಪೆನ್ಶನ್ ರದ್ದು" ಎಂದೆ. ಮುಂದಿನದನ್ನು ಓದಲು ಅವರು ಬಿಡಲೇ ಇಲ್ಲ. ಕಾಗದ ಮಡಚಿ ಪೆಟ್ಟಿಗೆಗೆ ಹಾಕಿದರು.

ಯಾರೋ ಸರಕಾರಕ್ಕೆ ಚಾಡಿ ಹೇಳಿರಬೇಕು. ಯಾರು? ನನ್ನ ತಾಯಿ, ನಮ್ಮ ಮಾಯ್, ಹೆಚ್ಚು ಯೋಚಿಸಲಿಲ್ಲ. ಚಿಕ್ಕಮ್ಮನ ಮದುವೆಯ ಮುನ್ನಾದಿನ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ, ಪಪ್ಪ ಕೋಲು ಬಿಟ್ಟು ನಾಲ್ಕು ಹೆಜ್ಜೆ ಕುಣಿದಿದ್ದರು. ಪಕ್ಕದ ಮನೆಯವರು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕಪತ್ರ ಬರೆಯುವ ರೈಟರು. ಗೋಡೆಯಾಚೆಯಿಂದ ನಗಾಡಿದ್ದರು: "ಎಂತ ಮಾರಾಯ್ರೆ, ಸರಕಾರದ ಕಾಲು ಕುಣೀತಾ ಉಂಟಲ್ಲ!"

"ಅವರೇ ಬರೆದು ಹಾಕಿದ್ದು. ಬರೆಯುವುದೇ ಅವರ ಕೆಲಸ ಅಲ್ವಾ?" ಎಂದರು ಮಾಯ್. ಆ ಕ್ರಿಸ್ಮಸ್ಸಿಗೆ ಕುಸ್ವಾರಿನ ತಿಂಡಿ ತಟ್ಟೆ ನೆರೆಯವರಿಗೆಲ್ಲ ಹೋಯಿತು, ರೈಟರ ಮನೆಗೆ ಮಾತ್ರ ಇಲ್ಲ. ಅವರು ಕೆಮ್ಮಿದರೂ ನಮಗೆ ಅನುಮಾನ. ಅವರ ಮೇಜಿನ ಶಾಯಿ ಬಾಟಲಿಯನ್ನು ನಾನು ಕಿಟಕಿಯಿಂದ ಕಾವಲು ಕಾಯುತ್ತಿದ್ದೆ.

ರಜೆ ಮುಗಿದ ಮೇಲೆ, ಸರಕಾರಕ್ಕೊಂದು ಪೆಟಿಶನ್ ಬರೆಸಲು ಆ ಕಾಗದವನ್ನು ಸಿಸ್ಟರ್ ಬಳಿಗೆ ಒಯ್ದೆ.

"ಸಿಲ್ಲಿ ಚೈಲ್ಡ್! ಇದು ರದ್ದಾದದ್ದಲ್ಲ, ಗಾಯಾಳುವಿನ ಪೆನ್ಶನ್. ಸ್ಪೆಲಿಂಗ್ ಒಂದೇ, ಶಬ್ದ ಬೇರೆ."

ಕೆಳಗೆ ಬರೆದದ್ದು ಇಷ್ಟೇ: ಕಾಲನ್ನು ಮತ್ತೆ ಡಾಕ್ಟರಿಗೆ ತೋರಿಸಬೇಕು, ಸಂಬಂಧಿಯಲ್ಲದ ನೆರೆಯವರೊಬ್ಬರ ಸಾಕ್ಷಿ ಇಂಗ್ಲಿಷಿನಲ್ಲಿ ಬೇಕು, ತಪ್ಪಿದರೆ ಪೆನ್ಶನ್ ನಿಲ್ಲುತ್ತದೆ. ಉಳಿದದ್ದು ಎರಡೇ ದಿನ. ನಮ್ಮ ಓಣಿಯಲ್ಲಿ ಇಂಗ್ಲಿಷ್ ಬರೆಯಬಲ್ಲವರು ರೈಟರೊಬ್ಬರೇ.

ಪಪ್ಪ ನನ್ನ ಕೈ ಹಿಡಿದು ಅವರ ಜಗಲಿ ಹತ್ತಿದರು. ರೈಟರು ಕಾಗದ ಓದಿ, ನಿಬ್ಬು ಅದ್ದಿ ತಲೆಯೆತ್ತಿದರು. "ಕುಣಿದದ್ದನ್ನೂ ಬರೀಬೇಕಾ?"

ಪಪ್ಪ ನೆಲ ನೋಡಿದರು.

"ಕುಣಿದ ಮೇಲೆ ಮೂರು ದಿನ ಏಳ್ಲಿಕ್ಕೆ ಆಗದೆ ಮಲಗಿದ್ರಲ್ಲ, ಅದನ್ನು ಬರೀತೇನೆ."

ಮನೆಗೆ ಬಂದದ್ದೇ ಮಾಯ್ ನನ್ನನ್ನು ಕೂರಿಸಿದರು. "ಓದು. ಈ ಸಲ ಕಡೆವರೆಗೆ." ರೈಟರ ಸಾಕ್ಷಿಯನ್ನು ಓದಿ ಅರ್ಥ ಹೇಳಿದೆ: ಈತ ನೋವಿನಿಂದ ನಡೆಯುವುದನ್ನು ನಾನು ದಿನಾಲೂ ನೋಡುತ್ತೇನೆ.

ಡಾಕ್ಟರು ಕಾಲು ನೋಡಿ, ಪೆನ್ಶನ್ ಮುಂದುವರಿಸಬೇಕೆಂದು ಬರೆದುಕೊಟ್ಟರು. ಆ ಸಂಜೆ ಮಾಯ್ ರೈಟರ ಮನೆಗೆಂದು ಉಳಿದ ಕುಸ್ವಾರನ್ನು ತಟ್ಟೆಗೆ ಜೋಡಿಸುತ್ತ, ದನಿ ತಗ್ಗಿಸಿ ಕೇಳಿದರು: "ಅಲ್ಲ, ಅವರು ದಿನಾಲೂ ನಮ್ಮನೆ ಕಡೆ ಯಾಕೆ ನೋಡ್ತಾರೆ?"