ಅಪ್ಪನ ಚಿತ್ರಕ್ಕೆ ಇಟ್ಟ ಕುಂಕುಮ

ಮಗಳು ಬಿಡಿಸಿದ ಚಿತ್ರಕ್ಕೆ ಇವತ್ತು ರಟ್ಟಿನ ಚೌಕಟ್ಟು ಅಂಟಿಸುತ್ತಿದ್ದೆ. ಮೈದಾ ಅಂಟಿನ ವಾಸನೆಗೆ ಅರಕಲಗೂಡಿನ ನಮ್ಮ ನಡುಮನೆ ಕಣ್ಣ ಮುಂದೆ ಬಂತು.

ಚಿಕ್ಕವನಿದ್ದಾಗ ನಾನು ಬಿಡಿಸಿದ್ದ ಅಪ್ಪನ ಚಿತ್ರಕ್ಕೆ ಅವ್ವ ಹೊಗೆಸೊಪ್ಪು ಕಟ್ಟುವ ಕಡ್ಡಿ ಮುರಿದು, ಮೈದಾ ಅಂಟು ಹಚ್ಚಿ ಚೌಕಟ್ಟು ಮಾಡಿ, ತೀರಿಕೊಂಡ ಅಜ್ಜಿಯ ಫೋಟೋ ಪಕ್ಕ ನೇತುಹಾಕಿದ್ದಳು. ಮಾರನೆಯ ಬೆಳಿಗ್ಗೆ ತಾತ ಎಂದಿನಂತೆ ಗೋಡೆಯ ಫೋಟೋಗಳಿಗೆಲ್ಲ ಕುಂಕುಮ ಇಟ್ಟು ಹೂ ಮುಡಿಸಿದರು. ಕಣ್ಣು ಮಂಜಾಗಿದ್ದ ಅವರು ಅಪ್ಪನ ಚಿತ್ರವನ್ನೂ ಬಿಡಲಿಲ್ಲ. ಆ ಗೋಡೆಯಲ್ಲಿ ದೇವರನ್ನು ಬಿಟ್ಟರೆ ಇದ್ದವರೆಲ್ಲ ಸತ್ತವರೇ.

ಅಪ್ಪ ತೆಂಗಿನಕಾಯಿ ಲಾರಿಯಲ್ಲಿ ಚನ್ನರಾಯಪಟ್ಟಣಕ್ಕೆ ಹೋಗಿದ್ದ. ಅವ್ವ ಸೆರಗಿನಿಂದ ಕುಂಕುಮ ಒರೆಸಿದಳು. ಅದು ಅಪ್ಪನ ಮುಖದ ತುಂಬ ಹರಡಿತು.

"ಅಪ್ಪಂಗೇನಾದ್ರೂ ಆಯ್ತದಾವ್ವಾ?"

"ಬಾಯ್ಮುಚ್ಚು ಕಣ್ಲಾ," ಎಂದಳು.

ಪ್ರತಿ ಲಾರಿ ಸದ್ದಿಗೂ ನಾನು ಜಗಲಿಗೆ ಓಡಿದೆ. ಸಂಜೆ ಅಪ್ಪ ಬಂದು, ಚಿತ್ರ ನೋಡಿ ನಕ್ಕ.

"ನಿಮ್ ತಾತ ನಂಗೂ ಪೂಜೆ ಮಾಡ್ಬುಟ್ಟವ್ರೆ ಕಣ್ಲಾ."

ನಗುತ್ತಲೇ ಚೌಕಟ್ಟು ಕಳಚಿ ಚಿತ್ರವನ್ನು ಒಲೆಗೆ ಹಾಕಿದ. ಅದು ಪೂರ್ತಿ ಉರಿಯುವವರೆಗೂ ಅಲ್ಲಿಂದ ಏಳಲಿಲ್ಲ.

ಈಗ ಅಪ್ಪನೂ ಇಲ್ಲ. ಅವನ ಫೋಟೋ ನಮ್ಮ ಗೋಡೆಯಲ್ಲಿದೆ. ಮಗಳು ಬಿಡಿಸಿರುವುದು ನನ್ನನ್ನು.

"ತಾತನ ಪಕ್ಕಾನೇ ಹಾಕಪ್ಪ," ಅನ್ನುತ್ತಿದ್ದಾಳೆ. ಮೊಳೆ ನನ್ನ ಕೈಯಲ್ಲೇ ಇದೆ.